ಬನ್ನಿಯ ಜೊತೆಗೊಂದು ಕಾಗದ

ದಾವಣಗೆರೆಯ ಬ್ಯಾಂಕ್ ಶಾಖೆಯೊಂದರಲ್ಲಿ ಕ್ಯಾಷಿಯರ್ ಆಗಿರುವ ನಾನು, ಪ್ರತಿ ವಿಜಯದಶಮಿಯಂದು ಸಹೋದ್ಯೋಗಿಗಳಿಗೆ ಬನ್ನಿ ಕೊಡುವಾಗ ಅದರ ಜೊತೆಗೆ ಕೈಯಾರೆ ಬರೆದ ಕಾಗದವೊಂದನ್ನು ಕೊಡುವ ರೂಢಿಯನ್ನು ಏಳು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಅಂದು ಸಂಜೆ ಬನ್ನಿ ಮುಡಿದ ಮೇಲೆ ಮನೆಮನೆಗೆ ಹೋಗಿ, “ಬನ್ನಿ ತಗೊಂಡು ಬಂಗಾರದಂಗೆ ಇರೋಣ” ಎಂದು ಎಲೆ ಕೊಟ್ಟು, ಹಿರಿಯರ ಕಾಲಿಗೆ ನಮಸ್ಕರಿಸುವುದು ವಾಡಿಕೆ. ಮಾತು ಬಿಟ್ಟವರೂ ಅಂದು ಮಾತನಾಡುತ್ತಾರೆ. ಋಣ ನೆನೆಯುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ನನಗೆ ತೋಚಲಿಲ್ಲ.

ಇದಕ್ಕೆ ಕಾರಣವಾದದ್ದು ಒಂದು ಸಂಜೆಯ ಲೆಕ್ಕ. ಅಂದು ನಗದಿನಲ್ಲಿ 2,700 ರೂಪಾಯಿ ಕಡಿಮೆ ಬಂದಿತ್ತು. ಮೂರು ಸಲ ಎಣಿಸಿ ಕೈ ಸೋತು ಕುಳಿತಿದ್ದಾಗ, ಮನೆಗೆ ಹೊರಟಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಚೀಲವನ್ನು ಮೇಜಿನ ಮೇಲಿಟ್ಟು, “ಮೇಡಂ, ಒಂಬತ್ತರಿಂದ ಭಾಗ ಆಗ್ತದೆ. ಅಂಕಿ ಅದಲುಬದಲಾದ್ರೆ ವ್ಯತ್ಯಾಸ ಹಂಗೇ ಬರ್ತದೆ, ವೋಚರ್ ಕೊಡಿ” ಎಂದರು. 8,500 ರೂಪಾಯಿ ಪಾವತಿಯನ್ನು ನಾನು 5,800 ಎಂದು ನಮೂದಿಸಿದ್ದೆ. ಅದನ್ನು ಹುಡುಕುವಷ್ಟರಲ್ಲಿ ಅವರ ಕೊನೆಯ ಬಸ್ಸು ಹೋಗಿತ್ತು. ಮರುದಿನ ನಾನು ಹೇಳಿದ “ಥ್ಯಾಂಕ್ಸ್ ಸರ್” ಎಂಬ ಎರಡು ಪದ ಅವರು ಮಾಡಿದ ಉಪಕಾರಕ್ಕೆ ತೀರ ಸಣ್ಣದಾಯಿತೆಂದು ನನಗೆ ಬಹಳ ದಿನ ಅನಿಸುತ್ತಲೇ ಇತ್ತು.

ಮೊದಲ ವರ್ಷ ಅಂಗಡಿಯಿಂದ ಕಾರ್ಡ್ ತಂದು ಎಲ್ಲರಿಗೂ ಒಂದೇ ಒಕ್ಕಣೆ ಬರೆದೆ. ಎಲ್ಲರೂ ನಕ್ಕು ತೆಗೆದುಕೊಂಡರು, ಯಾರೂ ಅದರ ಮಾತೆತ್ತಲಿಲ್ಲ. ಮರುವರ್ಷದಿಂದ ಡ್ರಾಯರಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು, ಯಾರು ಯಾವ ದಿನ ಏನು ಮಾಡಿದರೆಂದು ಆಗಿಂದಾಗಲೇ ಒಂದು ಸಾಲು ಬರೆಯತೊಡಗಿದೆ. ಜ್ವರವಿದ್ದ ದಿನ ನನ್ನ ಕೌಂಟರಿನ ಸಾಲನ್ನು ತಮ್ಮ ಕಡೆಗೆ ಕರೆದುಕೊಂಡವರು, ಸಿಟ್ಟಾದ ಗ್ರಾಹಕರನ್ನು ನನ್ನ ಪರವಾಗಿ ಸಮಾಧಾನಪಡಿಸಿದವರು, ಹೀಗೆ. ಹಬ್ಬಕ್ಕೆ ವಾರವಿರುವಾಗ ದಿನಕ್ಕೆ ಎರಡು ಕಾಗದ ಬರೆಯುತ್ತೇನೆ. ಅರ್ಧ ಪುಟ ಸಾಕು, ಆದರೆ ಆ ಒಂದು ಘಟನೆ ಅದರಲ್ಲಿ ಇರಲೇಬೇಕು. “ನೀವು ತುಂಬಾ ಒಳ್ಳೆಯವರು” ಎಂದು ಬರೆದರೆ ಓದಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಮೂರನೆಯ ವರ್ಷ ದೊಡ್ಡ ತಪ್ಪೊಂದು ನಡೆಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸಿ ಹೋಗುವ ಅಮ್ಮನನ್ನು ನಾನು ಮರೆತಿದ್ದೆ. ಹಬ್ಬ ಕಳೆದು ಬ್ಯಾಂಕು ತೆರೆದ ದಿನ ಅವರು, “ನಂಗೆ ಓದಕ್ಕೆ ಬರಲ್ಲ ಅಂತ ಕೊಡ್ಲಿಲ್ವೇನ್ರೀ ಮೇಡಮ್ಮಾರೆ?” ಎಂದು ಮೆಲ್ಲಗೆ ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಂದೇ ಸಂಜೆ ನಿಟುವಳ್ಳಿಯ ಅವರ ಮನೆಗೆ ಹೋಗಿ, ಬನ್ನಿ ಕೊಟ್ಟು, ಕಾಲು ಮುಟ್ಟಿ ನಮಸ್ಕರಿಸಿದೆ. ಕಾಗದವನ್ನು ಅವರ ಮೊಮ್ಮಗಳು ಗಟ್ಟಿಯಾಗಿ ಓದಿದಳು. ಮಳೆಗಾಲದಲ್ಲಿ ಸೋರುತ್ತಿದ್ದ ಕಿಟಕಿಯ ಕೆಳಗಿದ್ದ ನನ್ನ ರಿಜಿಸ್ಟರುಗಳನ್ನು ಅವರು ಎತ್ತಿ ಒಣಜಾಗದಲ್ಲಿ ಇಟ್ಟ ಸಾಲು ಬಂದಾಗ, “ಅದು ನಿಮಗೆ ಹೆಂಗೆ ಗೊತ್ತಾತು?” ಎಂದು ಕೇಳಿದರು. ಈಗ ನನ್ನ ಪಟ್ಟಿ ಅವರಿಂದಲೇ ಶುರುವಾಗುತ್ತದೆ. ಬನ್ನಿ ಕೊಡುವಾಗ ಲೆಕ್ಕಕ್ಕೆ ಬರುವುದು ವಯಸ್ಸೇ ಹೊರತು ಹುದ್ದೆಯಲ್ಲವಾದ್ದರಿಂದ, ನನಗಿಂತ ಕಿರಿಯರಾದ ನಮ್ಮ ಮ್ಯಾನೇಜರರು ಕೂಡ ಅವರ ಕಾಲು ಮುಟ್ಟುತ್ತಾರೆ.

ವರ್ಗವಾಗಿ ಹೋದವರಿಗೆ ಮಾತ್ರ ಅಂಚೆಯೇ ಗತಿ. ಅಂದು ಬಸ್ಸು ತಪ್ಪಿಸಿಕೊಂಡ ಹಿರಿಯರು ನಿವೃತ್ತರಾಗಿ ಚಿತ್ರದುರ್ಗದಲ್ಲಿದ್ದಾರೆ. ಹಬ್ಬದ ಮರುದಿನವೇ 5 ರೂಪಾಯಿಯ ಅಂಚೆಚೀಟಿ ಹಚ್ಚಿ ಡಬ್ಬಿಗೆ ಹಾಕಿದರೂ, ಬನ್ನಿಯ ಎಲೆ ಬಲು ಸಣ್ಣದಾದ್ದರಿಂದ ಲಕೋಟೆಯೊಳಗೆ ಒಣಗಿ ಉದುರಿಬಿಡುತ್ತದೆ. ಕಳೆದ ವರ್ಷ ಅವರು ಫೋನ್ ಮಾಡಿ, “ಎಲೆ ಎಲ್ಲ ಉದುರಿ ಕಡ್ಡಿ ಬಂದದೆ ಮೇಡಂ, ದೇವರ ಮುಂದೆ ಇಟ್ಟೀನಿ. ಕಾಗದ ಎರಡು ಸಲ ಓದಿದೆ” ಎಂದರು.