ನನ್ನ ಚೀಟಿ ನಾನೇ ಪಾಲಿಸಿದಾಗ

ನಾನು ದಾವಣಗೆರೆಯಲ್ಲಿ ಡಯಟಿಷಿಯನ್. ಹನ್ನೊಂದು ವರ್ಷದಿಂದ ತೂಕ ಇಳಿಸೋ ಊಟದ ಚೀಟಿ ಬರೆದುಕೊಡ್ತಾ ಇದ್ದೇನೆ. ಹೋದ ವರ್ಷ ನನ್ನ ತೂಕವೇ 74 ಕೆಜಿ ಮುಟ್ಟಿತು. ಎತ್ತರ 158 ಸೆಂಟಿಮೀಟರ್, ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) ಹೆಚ್ಚುಕಡಿಮೆ 30. ನಮ್ಮ ದೇಶದವರಿಗೆ 23 ದಾಟಿದರೇ ತೂಕ ಜಾಸ್ತಿ ಅಂತ ಲೆಕ್ಕ. ಎದುರು ಕೂತವರು ನನ್ನನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡೋರು. ಬಾಯಿಬಿಟ್ಟು ಏನೂ ಹೇಳ್ತಿರಲಿಲ್ಲ, ಅಷ್ಟೇ.

ಹರಿಹರದಲ್ಲಿರೋ ತಂಗಿಯದೂ ಇದೇ ಕತೆ. ಇಬ್ಬರೂ ಒಂದೇ ಸೋಮವಾರ ಶುರು ಮಾಡಿದೆವು. ಚೀಟಿಯೂ ಒಂದೇ: 1,400 ಕ್ಯಾಲೊರಿ, ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಕಾಳು ಪಲ್ಯ, ದಿನಕ್ಕೆ ನಾಲ್ಕು ಟೀ ಚಮಚ ಎಣ್ಣೆ, ಮುಕ್ಕಾಲು ಗಂಟೆ ವಾಕಿಂಗ್. ಮೂರು ತಿಂಗಳಿಗೆ ಅವಳು ಆರು ಕೆಜಿ ಇಳಿದಳು. ನಾನು ಒಂದೂವರೆ.

"ಅಕ್ಕಾ, ನೀನು ಬರೆದ ಚೀಟಿ ನೀನೇ ಓದಿದ್ದೀಯೋ ಇಲ್ವೋ?" ಅಂದಳು.

ಸಿಟ್ಟು ಬಂತು. ಅದಕ್ಕಿಂತ ಜಾಸ್ತಿ ನಾಚಿಕೆ. ಎಷ್ಟು ಜನರಿಗೆ ನಾನು "ನೀವು ಸರಿಯಾಗಿ ಪಾಲಿಸ್ತಿಲ್ಲ" ಅಂತ ಹೇಳಿ ಕಳಿಸಿಲ್ಲ?

ಮೊದಲು ಎಣ್ಣೆ ಕ್ಯಾನ್ ಹಿಡಿದೆ. ಮನೆಯಲ್ಲಿ ನಾವು ನಾಲ್ವರು. ನನ್ನ ಚೀಟಿಯ ಲೆಕ್ಕದಲ್ಲಿ ತಲಾ 20 ಗ್ರಾಂ ಆದರೆ ಐದು ಲೀಟರಿನ ಕ್ಯಾನ್ ಹತ್ತಿರ ಹತ್ತಿರ ಎರಡು ತಿಂಗಳು ಬರಬೇಕು. ಕ್ಯಾನಿನ ಮೇಲೆ ಪೆನ್ನಲ್ಲಿ ತಾರೀಖು ಬರೆದಿಟ್ಟೆ. 31ನೇ ದಿನಕ್ಕೆ ಖಾಲಿ! ಸಮನಾಗಿ ಹಂಚಿದರೂ ನನ್ನ ಪಾಲಿಗೆ ದಿನಕ್ಕೆ ಸುಮಾರು 150 ಕ್ಯಾಲೊರಿ ಜಾಸ್ತಿ ಬಿತ್ತು. ಒಗ್ಗರಣೆಗೆ ನಾನು ಎಂದೂ ಚಮಚದಲ್ಲಿ ಅಳೆದವಳೇ ಅಲ್ಲ. ಕ್ಯಾನಿಂದ ನೇರ ಬಾಣಲೆಗೆ.

ಆಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡೆ. ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳೋ ಪ್ರತಿಯೊಂದನ್ನೂ ಒಂದು ದಿನ ತಿನ್ನದೆ ಡಬ್ಬಿಗೆ ಹಾಕಬೇಕು. ಸಂಜೆ ಮುಚ್ಚಳ ತೆಗೆದರೆ, ಮಗ ಬಿಟ್ಟ ಅರ್ಧ ದೋಸೆ, ಹುರಿದ ಶೇಂಗಾ ಒಂದು ಹಿಡಿ, ಖಾರ ಮಂಡಕ್ಕಿ, ಆಸ್ಪತ್ರೆಯಲ್ಲಿ ಯಾರದೋ ಬರ್ತ್‌ಡೇ ಕೇಕಿನ ತುಂಡು. ಒಂದು ಪ್ಲೇಟ್ ತಿಂಡಿಯೇ ಇತ್ತು ಅದರಲ್ಲಿ. ಇದ್ಯಾವುದೂ ನನ್ನ ಡೈರಿಯಲ್ಲಿ ಇರಲಿಲ್ಲ. ಸುಳ್ಳು ಬರೆದಿರಲಿಲ್ಲ, ತಿಂದದ್ದೇ ನೆನಪಿರಲಿಲ್ಲ. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು. "ಎಷ್ಟು ಕಮ್ಮಿ ತಿಂದರೂ ಇಳೀತಿಲ್ಲ" ಅನ್ನೋರು ತಿಂದದ್ದನ್ನು ಸರಾಸರಿ 47 ಶೇಕಡ ಕಮ್ಮಿ ಬರೆದಿದ್ದರು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು.

ಹಾಗಂತ ಎಲ್ಲಾ ತಪ್ಪೂ ಬಾಯಿಯದಲ್ಲ. ತಂಗಿ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಹಿಂದೆ ಏಳು, ಕೂರು, ಓಡು, ಆಮೇಲೆ ಮನೆ ಮನೆ ಭೇಟಿ. ಅವಳಿಗೆ ಅದು ವ್ಯಾಯಾಮವೇ ಅಲ್ಲ, ಕೆಲಸ. ನಾನೋ ಮುಕ್ಕಾಲು ಗಂಟೆ ನಡೆದು ಬಂದು ಏಳು ಗಂಟೆ ಕುರ್ಚಿಯಲ್ಲಿ. ಅವಳು ಹತ್ತಕ್ಕೆ ಮಲಗಿದರೆ ನಾನು ಫೋನ್ ಹಿಡಿದು ಹನ್ನೆರಡೂವರೆ. ನಿದ್ದೆಗೆಟ್ಟ ಮರುದಿನ ಹನ್ನೊಂದಕ್ಕೇ ಏನಾದರೂ ಸಿಹಿ ಬೇಕು ಅನ್ನಿಸುತ್ತೆ. ಅದು ನನ್ನೊಬ್ಬಳ ಚಪಲ ಅಲ್ಲ, ನಿದ್ದೆ ಕಮ್ಮಿಯಾದರೆ ಹಸಿವೇ ಹಾಗೆ.

ಒಂದೇ ತಾಯಿ ಮಕ್ಕಳಲ್ಲೇ ಹೀಗಾದರೆ ಊರಿಗೆಲ್ಲ ಒಂದೇ ಚೀಟಿ ಹೇಗೆ ಹೊಂದುತ್ತೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಮ್ಮಿ, ಇನ್ನೊಂದಕ್ಕೆ ಪಿಷ್ಟ, ಸಕ್ಕರೆ ಕಮ್ಮಿ ಇರೋ ಊಟ ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನ ಸರಾಸರಿ ಐದಾರು ಕೆಜಿ. ಆದರೆ ಒಂದೊಂದು ಗುಂಪಿನೊಳಗೇ ಕೆಲವರು 30 ಕೆಜಿ ತನಕ ಇಳಿದಿದ್ದರು, ಕೆಲವರು 10 ಕೆಜಿ ತನಕ ಏರಿದ್ದರು. ನಾವು ಕ್ಲಿನಿಕ್‌ನಲ್ಲಿ ಸರಾಸರಿ ಹಿಡಿದು ಮಾತಾಡ್ತೀವಿ. ಬರೋರು ಯಾರೂ ಸರಾಸರಿ ಅಲ್ಲ, ಅಲ್ವಾ?

ಇದೇ ಹೊತ್ತಿಗೆ ಒಬ್ಬ ಅಮ್ಮ ನೆನಪಾದರು. ಆರು ತಿಂಗಳು ಬಂದರೂ ಅರ್ಧ ಕೆಜಿ ಇಳಿಯಲಿಲ್ಲ, ನಾನು ಗದರಿದ್ದೆ. ಹಳೇ ಫೈಲ್ ತೆಗೆದು ನೋಡಿದರೆ ಸಂಧಿವಾತಕ್ಕೆ ಸ್ಟೀರಾಯ್ಡ್ ಮಾತ್ರೆ ನಡೀತಿತ್ತು. ಹಸಿವು ಹೆಚ್ಚಿಸಿ ತೂಕ ಏರಿಸೋ ಮಾತ್ರೆ ಅದು. ನಾನು ಕೇಳಿಯೇ ಇರಲಿಲ್ಲ. ಫೋನ್ ಮಾಡಿ ತಪ್ಪಾಯ್ತು ಅಂದೆ. ಮಾತ್ರೆ ತಾವಾಗಿ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಮಾತಾಡಿ ಅಂತಲೂ ಹೇಳಿದೆ.

ನಾನು ಚಮಚ ಹಿಡಿದೆ, ಫೋನನ್ನು ಹಾಲ್‌ನಲ್ಲೇ ಬಿಟ್ಟು ಮಲಗೋದು ಕಲಿತೆ. ಈಗ 69ರಲ್ಲಿ ನಿಂತಿದ್ದೇನೆ. ಎರಡು ತಿಂಗಳಿಂದ ಅಲ್ಲಾಡಿಲ್ಲ. ಮೈ ಹಗುರಾದಷ್ಟು ಅದಕ್ಕೆ ಖರ್ಚೂ ಕಮ್ಮಿ, ಹಾಗಾಗಿ ಇನ್ನೂ ಇಳಿಯೋಕೆ ಮೊದಲಿನ ಚೀಟಿ ಸಾಲದು. ತಂಗಿಯದು ಮದುವೆ ಸೀಸನ್‌ನಲ್ಲಿ ಎರಡು ಕೆಜಿ ವಾಪಸ್ ಬಂತು. ನಾನು ಏನೂ ಅನ್ನಲಿಲ್ಲ. ಅನ್ನೋ ಆಸೆ ಇತ್ತು.

ಈಗ ಯಾರೇ ಬಂದರೂ ಮೊದಲ ಹದಿನೈದು ನಿಮಿಷ ಬರೀ ಪ್ರಶ್ನೆ. ಎಷ್ಟಕ್ಕೆ ಮಲಗ್ತೀರಿ? ಅಡುಗೆ ಯಾರದು? ಎಣ್ಣೆ ಕ್ಯಾನ್ ಎಷ್ಟು ದಿನ ಬರುತ್ತೆ? ಯಾವ ಮಾತ್ರೆ ನಡೀತಿದೆ? ಮೊನ್ನೆ ಒಬ್ಬರು ಗಡಿಯಾರ ನೋಡಿ, "ಮೇಡಂ, ಊಟದ ವಿಷ್ಯ ಕೇಳೋದೇ ಇಲ್ವಾ?" ಅಂದರು.