ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ನಾಲ್ಕು ಗುಳ್ಳದ ಗಿಡ

ಉಡುಪಿ ಕಡೆಯವರಿಗೆ ಬದನೆ ಅಂದರೆ ಮೊದಲು ನೆನಪಾಗುವುದು ಗುಳ್ಳ. ಕಟಪಾಡಿ ಹತ್ತಿರದ ಮಟ್ಟು ಊರಿನ ಗುಂಡಗಿನ, ತಿಳಿಹಸಿರು ಕಾಯಿ. ಸೋದೆ ಮಠದ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದು ಎಂಬ ನಂಬಿಕೆ ಇದೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಮಟ್ಟುವಿನ ಹೊಯಿಗೆ (ಮರಳು) ಮಣ್ಣಿನ ರುಚಿ ನಮ್ಮ ಅಂಗಳದಲ್ಲಿ ಹಾಗೇ ಬರುವುದಿಲ್ಲ, ನಿಜ. ಆದರೂ ನಾಲ್ಕು ಗಿಡವಿದ್ದರೆ ಮನೆಯ ಹುಳಿಗೆ, ಪೋಡಿಗೆ (ಬಜ್ಜಿಗೆ) ಧಾರಾಳ ಸಾಕು. ಬೇರೆ ಬದನೆಗೂ ಕ್ರಮ ಇದೇ.

ಚೌತಿ ಮುಗಿದು ಮಳೆಯ ಜೋರು ಇಳಿದ ಮೇಲೆ ಬೀಜ ಹಾಕಿ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬದನೆ ಸಸಿ ಕೊಳೆಯುವುದೇ ಜಾಸ್ತಿ. ಟ್ರೇಯಲ್ಲಿ ತೆಂಗಿನ ನಾರಿನ ಹುಡಿ, ಕಾಂಪೋಸ್ಟ್ ಸಮ ಸಮ ತುಂಬಿಸಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಇಡಿ. ವಾರದಿಂದ ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ಟ್ರೇಯನ್ನು ಮಾಡಿನ ನೀರು ಬೀಳುವಲ್ಲಿ ಇಡಬೇಡಿ. 30-35 ದಿನಕ್ಕೆ ನಾಲ್ಕೈದು ಎಲೆ ಬಂದಿರುತ್ತದೆ, ಆಗ ನೆಡಬಹುದು.

ನೆಡುವ ಮೊದಲು ಸೊರಗು ರೋಗದ ಬಗ್ಗೆ ಹೇಳಲೇಬೇಕು. ಕರಾವಳಿಯಲ್ಲಿ ಬದನೆ ಬೆಳೆಯುವವರು ಸೋಲುವುದು ಹೆಚ್ಚಾಗಿ ಇಲ್ಲೇ. ಮೊದಲ ವರ್ಷ ನಾನು ಹಿತ್ತಿಲಲ್ಲಿ ಹಿಂದಿನ ಸಲ ಮೆಣಸಿನ ಗಿಡ ಇದ್ದ ಜಾಗದಲ್ಲೇ ಆರು ಸಸಿ ನೆಟ್ಟೆ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಮಧ್ಯಾಹ್ನ ಬಾಡಿತು. ನೀರು ಸಾಲದೇನೋ ಎಂದು ಇನ್ನೊಂದು ಕೊಡ ಹೊಯ್ದೆ. ನಾಲ್ಕು ದಿನದಲ್ಲಿ ಎಲೆ ಹಸಿರಿರುವಾಗಲೇ ಗಿಡ ಸತ್ತಿತು, ಬೆನ್ನಿಗೇ ಪಕ್ಕದ್ದೂ ಹೋಯಿತು. ಹೀಗಾದರೆ ಬುಡದ ಕಾಂಡದ ತುಂಡೊಂದನ್ನು ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತೂಗಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ಮಣ್ಣಿನ ಬ್ಯಾಕ್ಟೀರಿಯಾ. ಇದಕ್ಕೆ ಮದ್ದಿಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಖಂಡಿತ ಹಾಕಬೇಡಿ.

ಹಾಗಾಗಿ ಟೊಮೆಟೊ, ಮೆಣಸು, ಬದನೆ ಬೆಳೆದ ಜಾಗ ಬಿಡಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಹುಳಿ, ಅಂದರೆ ಆಮ್ಲೀಯ. ನೆಡಲು ಎರಡು ವಾರ ಇರುವಾಗಲೇ ಗುಂಡಿಗೆ ಒಂದು ಮುಷ್ಟಿ ಸುಣ್ಣದ ಹುಡಿ ಬೆರೆಸಿ. ನೀರು ನಿಲ್ಲದಂತೆ ಏರಿ ಮಾಡಿ. ಬದನೆಯದೇ ಜಾತಿಯ ಕಾಡುಗಿಡವಾದ ಸುಂಡೆಗೆ ಕಸಿ ಕಟ್ಟಿದ ಬದನೆ ಸಸಿ ಸಿಕ್ಕಿದರೆ ತಪ್ಪದೆ ತನ್ನಿ, ಸುಂಡೆಯ ಬೇರು ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ. ಮಣ್ಣಿನ ಮೇಲೆ ನಂಬಿಕೆ ಇಲ್ಲವಾದರೆ 15 ಇಂಚಿನ ಗ್ರೋ ಬ್ಯಾಗೇ ಒಳ್ಳೆಯದು. ನಾನೀಗ ಬೆಳೆಯುವುದು ಅದರಲ್ಲೇ. ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ, ಹೊಯಿಗೆ, ಎರಡು ಹಿಡಿ ಬೇವಿನ ಹಿಂಡಿ, ಇಷ್ಟೇ.

ದೀಪಾವಳಿ ಹೊತ್ತಿಗೆ, ಸಂಜೆ ನೆಡಿ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಬಿಡಿ. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೇಕು, ತೆಂಗಿನ ಮರದ ಅಡಿ ಸರಿಯಾಗದು. ಬುಡಕ್ಕೆ ತರಗೆಲೆ ಹೊದಿಸಿ, ಒಂದು ಕೋಲು ಕಟ್ಟಿಕೊಡಿ. 15 ದಿನಕ್ಕೊಮ್ಮೆ ನೆಲಗಡಲೆ ಹಿಂಡಿ ನೆನೆಸಿದ ತಿಳಿನೀರು ಹಾಕಿದರೆ ಸಾಕು.

ಹೂ ಉದುರಿತು ಎಂದು ಗಾಬರಿಯಾಗಬೇಡಿ. ಹೂವಿನ ನಡುವೆ ಹಳದಿ ಕೇಸರಗಳಿಂದ ಹಸಿರು ಶಲಾಕೆ (ನಡುವಿನ ಕಡ್ಡಿಯಂಥ ಭಾಗ) ಹೊರಗೆ ಚಾಚಿದ್ದರೆ ಅದು ಕಾಯಿ ಕಟ್ಟುವ ಹೂ. ಒಳಗೇ ಗಿಡ್ಡವಾಗಿದ್ದರೆ ಹೆಚ್ಚಾಗಿ ಉದುರುತ್ತದೆ.

ಇನ್ನು ಕುಡಿ ಕೊರೆಯುವ ಹುಳು. ಗಿಡವೆಲ್ಲ ಚೆನ್ನಾಗಿದ್ದು ಒಂದೇ ಒಂದು ಕುಡಿ ಬಾಗಿದ್ದರೆ, ಒಳಗೆ ಗುಲಾಬಿ ಬಣ್ಣದ ಹುಳು ಇದೆ ಎಂದೇ ಅರ್ಥ. ಬಾಗಿದ ಜಾಗದಿಂದ ಒಂದಿಂಚು ಕೆಳಗೆ ಚಿವುಟಿ ಸುಟ್ಟುಬಿಡಿ. ಬಿಟ್ಟರೆ ಮುಂದಿನ ಹುಳುಗಳು ಕಾಯಿಗೇ ಇಳಿಯುತ್ತವೆ. ಮನೆಯ ನಾಲ್ಕು ಗಿಡಕ್ಕೆ ದಿನಾ ಬೆಳಿಗ್ಗೆ ಒಂದು ಸುತ್ತು ನೋಡುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಬೇವಿನೆಣ್ಣೆ ಅದರ ಜತೆಗೆ ಅಷ್ಟೇ.

ನೆಟ್ಟ ಎರಡು ತಿಂಗಳ ಮೇಲೆ, ಮಕರ ಸಂಕ್ರಾಂತಿಯ ಆಸುಪಾಸಿಗೆ ಮೊದಲ ಕಾಯಿ ಸಿಗುತ್ತದೆ. ಸಿಪ್ಪೆ ಹೊಳೆಯುತ್ತಿರುವಾಗಲೇ ಕೊಯ್ಯಿರಿ. ಹೊಳಪು ಹೋಯಿತೆಂದರೆ ಒಳಗೆ ಬೀಜ ಬಲಿತಿರುತ್ತದೆ. ತೊಟ್ಟಿನಲ್ಲಿ ಮುಳ್ಳಿದೆ, ಕೈಯಲ್ಲಿ ತಿರುಚಬೇಡಿ. ಕತ್ತರಿಯಿಂದ ತೊಟ್ಟು ಸಮೇತ ಕೊಯ್ಯಿರಿ.