ಹಳೆಯ ಜಪಾನೀ ಉಳಿ, ತೋಪಡಗಳ ಮೇಲಿನ ಬರಹ ಓದುವುದು ಹೇಗೆ?

ಮೊದಲ ನಿಯಮ: ತಂತಿ ಬ್ರಷ್ ಮುಟ್ಟಬೇಡಿ. ತುಕ್ಕಿನ ಜೊತೆ ಅಕ್ಷರದ ಅಂಚೂ ಸವೆದುಹೋಗುತ್ತದೆ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿ. ಆಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಕೆತ್ತನೆಯ ನೆರಳು ಏಳುತ್ತದೆ.

ಅಲಗಿನ ಇಳಿಜಾರನ್ನೂ ನೋಡಿ. ಮೆತ್ತನೆಯ ಕಬ್ಬಿಣಕ್ಕೆ (ಜಿಗಾನೆ) ಗಟ್ಟಿ ಉಕ್ಕನ್ನು (ಹಗಾನೆ) ಬೆಸೆದ ಗೆರೆ ಅಲ್ಲಿ ಕಾಣಬೇಕು. ಹಿಂಬದಿಯಲ್ಲಿ ತುಸು ತಗ್ಗಿರುತ್ತದೆ. ಅದಕ್ಕೆ 'ಉರಾ' ಎನ್ನುತ್ತಾರೆ.

ಈಗ ಬರಹ, ಅಂದರೆ 'ಮೇಯ್'. ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓದಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಅಡ್ಡ ಬರಹವಾದರೆ ಹೆಚ್ಚಾಗಿ ಬಲದಿಂದ ಎಡಕ್ಕೆ. ಕೊನೆಯಲ್ಲಿ 7 ಗೀಟುಗಳ, ಬಲಭಾಗ ಬಾಚಣಿಗೆಯ ಹಲ್ಲಿನಂತಿರುವ ಅಕ್ಷರ ಕಂಡರೆ ಅದು 'ಸಾಕು', ಅಂದರೆ 'ಮಾಡಿದ್ದು'. ಓದುವಾಗ ಅದಕ್ಕೂ ಮೊದಲು ಬರುವುದು ಬಹುತೇಕ ಕಮ್ಮಾರನ ಹೆಸರು. 'ತೋರೊಕು' ಎಂದಿದ್ದರೆ ನೋಂದಾಯಿತ ಗುರುತು ಅಷ್ಟೇ. ಹಲವರು ಎಡವುವುದು 'ಯಾಸುಕಿ ಹಗಾನೆ'ಯಲ್ಲಿ: ಅದು ಉಕ್ಕಿನ ಹೆಸರು, ಕಮ್ಮಾರನದಲ್ಲ.

ಅಚ್ಚೊತ್ತಿದ ಗುರುತಿನ ಆಳ ಹೆಚ್ಚುಕಡಿಮೆ ಒಂದೇ ಸಮ. ಚಾಣದಿಂದ ಕೆತ್ತಿದ್ದರೆ ಪ್ರತಿ ಗೀಟೂ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಚೂಪು. ಸುತ್ತಲೂ ಹಳೆಯ ತುಕ್ಕಿದ್ದು ಗೀಟಿನೊಳಗೆ ಮಾತ್ರ ಲೋಹ ಹೊಳೆಯುತ್ತಿದ್ದರೆ ಅನುಮಾನಿಸಿ. ಕಮ್ಮಾರ ಚಿಯೊಜುರು ಕೊರೆಹಿದೆ (1874–1957) ಅವರಂಥ ದೊಡ್ಡ ಹೆಸರಿದ್ದಾಗಲಂತೂ ಬರಹವೊಂದನ್ನೇ ನಂಬಬೇಡಿ, ಕೆಲಸದ ನಯವನ್ನೂ ಪರೀಕ್ಷಿಸಿ.